ಬೆಲ್ಲವನ್ನು ಬೈಯದ ವ್ಯಾಪಾರಿ

ನನ್ನ ನೆನಪಿನ ಆಲೆಮನೆಯೊಳಗೆ ಒಂದು ಕರೆಂಟು ದೀಪ ತೂಗುತ್ತದೆ. ಕೊಪ್ಪರಿಗೆಯಿಂದೇಳುವ ಹಬೆಯಲ್ಲಿ ಅದರ ಬೆಳಕು ಹಳದಿಯಾಗಿ ಕರಗಿ ಹರಡಿಕೊಂಡಿರುತ್ತದೆ. ಆದರೆ ಮಳವಳ್ಳಿಯಿಂದ ಹಲಗೂರಿಗೆ ಹೋಗುವ ರಸ್ತೆಯ ಬದಿಯ ನಮ್ಮ ಊರಿಗೆ ಆಗ ಕರೆಂಟೇ ಬಂದಿರಲಿಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ನಮ್ಮ ಸೀಮೆಯನ್ನು ದಾಟಿ ದೂರದ ಚಿನ್ನದ ಗಣಿಗೆ ಹೋಗುತ್ತಿತ್ತೇ ಹೊರತು ನಮಗೆ ಒಂದು ದೀಪವನ್ನೂ ಕೊಡುತ್ತಿರಲಿಲ್ಲ. ಹಾಗಾದರೆ ಈ ದೀಪ ಎಲ್ಲಿಂದ ಬಂತು? ದೀಪವೇ ಸುಳ್ಳಾದರೆ, ಅದರ ಬೆಳಕಿನಲ್ಲಿ ನಾನು ಕಂಡದ್ದೆಲ್ಲ ಏನು?

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಅದು ನಲವತ್ತೆರಡರ ಚಳಿಗಾಲ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಓದಿ ಓದಿ ಕನ್ನಡಕವನ್ನೂ ಹಾಕಿಕೊಂಡಿದ್ದ ನಾನು ಕೆಲಸ ಸಿಗದೆ ಊರಿಗೆ ಮರಳಿದ್ದೆ. ಅಪ್ಪ ಹೋದ ಮೇಲೆ ಗದ್ದೆಯನ್ನೂ ಆಲೆಮನೆಯನ್ನೂ ನಡೆಸುತ್ತಿದ್ದವಳು ಅಕ್ಕ. ಅವಳ ಗಂಡ, ಅಂದರೆ ನನ್ನ ಭಾವ, ಮದ್ದೂರಿನ ಹತ್ತಿರ ಶಾಲೆಯ ಮೇಷ್ಟ್ರಾಗಿದ್ದವರು. ಆಗಸ್ಟಿನಲ್ಲಿ ಚಳವಳಿ ಎದ್ದಾಗ ರೈಲು ದಾರಿಯ ತಂತಿ ಕತ್ತರಿಸಿದವರಲ್ಲಿ ಅವರೂ ಒಬ್ಬರೆಂದು ಪೊಲೀಸರ ಕಿವಿಗೆ ಬಿದ್ದಿತ್ತು. ನಿಜವಾಗಿ ಕತ್ತರಿಸಿದ್ದರೇ ಎಂದು ಕೇಳಿದಾಗಲೆಲ್ಲ ನನಗೆ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟರು. ಸಿಕ್ಕಿದರೆ ಜೈಲು ಮಾತ್ರ ನಿಶ್ಚಯವಾಗಿತ್ತು. ಅಕ್ಕ ಆಗ ಬಸುರಿ.

ಅವರು ಅಡಗಿದ್ದದ್ದು ನಮ್ಮ ಒಲೆಯ ಮುಂದೆಯೇ. ಕನ್ನಡಕ ತೆಗೆದಿಟ್ಟು, ಮೈಗೆಲ್ಲ ಮಸಿ ಮೆತ್ತಿಕೊಂಡು, ಕೊಪ್ಪರಿಗೆಯ ಕೆಳಗಿನ ಉರಿಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುವ ಕೂಲಿಯಾಗಿದ್ದರು. ಪೊಲೀಸರಿಗೆ ಅವರ ಮುಖ ಗೊತ್ತಿರಲಿಲ್ಲ. ಓದಿದವನು, ಸಣಕಲು, ಕನ್ನಡಕ ಹಾಕುತ್ತಾನೆ ಎಂಬಷ್ಟೇ ಗೊತ್ತಿತ್ತು. ಕನ್ನಡಕವಿಲ್ಲದೆ ಭಾವನಿಗೆ ಒಲೆಯ ಬಾಯಿಯೂ ನೆಟ್ಟಗೆ ಕಾಣುತ್ತಿರಲಿಲ್ಲ. ಶಾಖ ಎಲ್ಲಿಂದ ಬರುತ್ತದೋ ಅತ್ತ ತಳ್ಳುತ್ತಿದ್ದರು. ಹೊರಗಿನವರು ಯಾರಾದರೂ ಇದ್ದರೆ ಅಕ್ಕ, ನಮ್ಮ ಕಡೆಯ ಯಾವ ಹೆಂಡತಿಯೂ ಆಡದ ಮಾತನ್ನು ಗಂಡನಿಗೆ ಆಡಬೇಕಾಗಿತ್ತು.

"ಏಯ್ ಒಲೆಯವ್ನೆ, ಉರಿ ಸತ್ತೋಯ್ತು, ಕಣ್ಣು ಕಾಣಾಕಿಲ್ವೇನ್ಲಾ?"

"ಕಾಣಾಕಿಲ್ಲ ಕಣವ್ವ," ಎನ್ನುತ್ತಿದ್ದರು ಭಾವ. ಅದು ನಿಜವೇ ಆಗಿತ್ತು.

ಹೊರಗಿನವರು ಹೋದ ಮೇಲೆ, ಬೆಲ್ಲದ ಪಾಕ ನೋಡುತ್ತಿದ್ದ ಮುದುಕ, ನಾವೆಲ್ಲ ತಾತ ಎನ್ನುತ್ತಿದ್ದವನು, ಕೊಪ್ಪರಿಗೆಯ ಮೇಲೆ ಬಗ್ಗಿಕೊಂಡೇ ನಗುತ್ತಿದ್ದ. "ವಸಿ ಮೆಲ್ಗೆ ಬಯ್ಯವ್ವ. ಓದಿರೋ ಕೂಲಿ, ಬುಟ್ಟೋದಾನು."

ಆಲೆಮನೆಗೆ ಬಂದವರನ್ನು ಯಾರು, ಯಾಕೆ ಬಂದೆ ಎಂದು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೊದಲು ಒಂದು ಚೆಂಬು ಕಬ್ಬಿನ ಹಾಲು, ಆಮೇಲೆ ಬಾಳೆಲೆಯ ಚೂರಿನಲ್ಲಿ ಬಿಸಿ ಬೆಲ್ಲ. ತಾನಾಗಿ ಹೇಳಿಕೊಂಡರೆ ಕೇಳುವುದು, ಇಲ್ಲದಿದ್ದರೆ ಸುಮ್ಮನಿರುವುದು. ಭಾವನನ್ನು ಅಷ್ಟು ಕಾಲ ಕಾಪಾಡಿದ್ದು ಈ ಪದ್ಧತಿಯೇ. ಒಂದು ಬೆಳಿಗ್ಗೆ ಅಪರಿಚಿತನೊಬ್ಬನನ್ನು ಒಳಗೆ ಬಿಟ್ಟುಕೊಂಡದ್ದೂ ಇದೇ.

ಆ ಬೆಳಿಗ್ಗೆ ಗದ್ದೆಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ ಗಾಣ ತಿರುಗಿಸುವ ಎತ್ತುಗಳು ಕಾಣದೆ ಅವುಗಳ ಕೊರಳ ಗಂಟೆ ಮಾತ್ರ ಸುತ್ತು ಹೊಡೆಯುತ್ತಿತ್ತು. ಒಳಗಿನ ಹಬೆ ಹೊರಗಿನ ಮಂಜಿಗೆ ಸೇರುವ ಕಡೆ ಅವನು ನಿಂತಿದ್ದ. ಎಷ್ಟು ಪ್ರಯತ್ನಪಟ್ಟರೂ ಅವನು ನಡೆದು ಬಂದದ್ದು ನನಗೆ ಕಾಣುವುದಿಲ್ಲ. ಹಬೆಯೇ ಗಟ್ಟಿಯಾಗಿ ಅವನಾದಂತೆ ಕಾಣುತ್ತದೆ. ಕರಿ ಕೋಟು, ಕೊಡೆ, ಟೈರಿನ ಮೆಟ್ಟು. ಮೆಟ್ಟನ್ನು ಅಕ್ಕ ಒಪ್ಪುವುದಿಲ್ಲ. "ಬರಿಗಾಲಲ್ಲಿ ಬಂದಿದ್ದ ಕಣ್ಲಾ. ಮೆಟ್ಟು ಆಕ್ಕೊಂಡು ಬಂದ್ರೆ ಆಲೆಮನೆ ಒಳಕ್ಕೆ ಯಾರು ಬುಟ್ಟಾರು?" ಎಂದು ಈಗಲೂ ಜಗಳಕ್ಕೆ ಬರುತ್ತಾಳೆ.

ಕಬ್ಬಿನ ಹಾಲು ಕುಡಿದು, ತಾನು ಮದ್ದೂರಿನ ಕಡೆಗೆ ಬೆಲ್ಲ ಒಯ್ಯುವ ವ್ಯಾಪಾರಿ ಎಂದ. ತಾತ ಆಗತಾನೆ ಅಚ್ಚಿನಿಂದ ಬಿಡಿಸಿದ ಬೆಲ್ಲ ಮುರಿದು ಅವನ ಕೈಗಿಟ್ಟ. ಅವನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ತುಂಬಾ ಚೆನ್ನಾಗಿದೆ. ಇಂಥ ಬೆಲ್ಲ ನಾನು ತಿಂದೇ ಇಲ್ಲ."

ಪಾಕ ಕಲಕುವ ಹುಟ್ಟು ತಾತನ ಕೈಯಲ್ಲಿ ಒಂದು ಗಳಿಗೆ ನಿಂತಿತು. ಅಕ್ಕ ಸೆರಗು ಸರಿಮಾಡಿಕೊಂಡಳು. ನನಗೇನೂ ಹೊಳೆಯಲಿಲ್ಲ, ಒಳ್ಳೆಯ ಮನುಷ್ಯ ಅಂದುಕೊಂಡೆ. ಅವನು ಕೈ ತೊಳೆಯಲು ನಾಲೆಯ ಕಡೆ ಹೋದಾಗ ಅಕ್ಕ ನನ್ನ ಬಳಿ ಬಂದಳು.

"ಇವನು ಪೊಲೀಸ್ನೋನು."

"ಅದೆಂಗೆ ಯೋಳ್ತೀಯಕ್ಕ?"

"ಬೆಲ್ಲ ಕೊಳ್ಳಾಕೆ ಬಂದೋನು ಬೆಲ್ಲವ ಬಯ್ಯದೆ ಇದ್ದಾನ್ಲಾ? ಕಪ್ಪು ಅಂತಾನೆ, ಉಪ್ಪು ಅಂತಾನೆ, ಮಣ್ಣು ಸೇರ್ಕೊಂಡದೆ ಅಂತಾನೆ, ಆಮೇಲೆ ಅರ್ಧ ಬೆಲೆಗೆ ಕೇಳ್ತಾನೆ. ಇವನು ನೋಡುದ್ರೆ ಮದ್ವೆ ಮನೇಲಿ ಉಂಡೋನಂಗೆ ಒಗಳ್ತಾವ್ನೆ!"

"ಬೆಲೆನೂ ಕೇಳ್ನಿಲ್ಲ," ಎಂದ ತಾತ. "ಇಷ್ಟು ವರ್ಸದಲ್ಲಿ ನನ್ನ ಪಾಕವ ಒಗಳಿದ ಮೊದಲ್ನೇ ಗಿರಾಕಿ ಕಣವ್ವ. ಪೊಲೀಸ್ನೋನಾದ್ರೂ ನಾಲ್ಗೆ ಒಳ್ಳೇದು."

ಹಿಂದಿನ ರಾಜರು ಬೇಹುಗಾರರನ್ನು ಸನ್ಯಾಸಿಗಳ, ವರ್ತಕರ, ಬೇಸಾಯಗಾರರ ವೇಷದಲ್ಲಿ ಕಳಿಸುತ್ತಿದ್ದರೆಂದು ನಾನು ಓದಿದ್ದೆ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದೂ ಇದ್ದೆ. ಮುಂದೆ ಯುದ್ಧಕಾಲದ ಗೂಢಚಾರರ ಬಗ್ಗೆ, ಅವರನ್ನು ಪತ್ತೆ ಮಾಡಿದವರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಂಟಿಸಿದ ಗಡ್ಡ, ಗುಪ್ತ ಲಿಪಿ, ರೇಡಿಯೋ ಎಲ್ಲ ಇದ್ದವು. ಬೆಲ್ಲವನ್ನು ಹೊಗಳಿ ಸಿಕ್ಕಿಬಿದ್ದವನ ಸುದ್ದಿ ಮಾತ್ರ ಎಲ್ಲೂ ಕಾಣಲಿಲ್ಲ.

ಅವನು ಹೊರಟುಹೋಗಲಿಲ್ಲ. ಗಾಡಿ ಬರಬೇಕು, ಕಾಯುತ್ತೇನೆ ಎಂದು ಸಿಪ್ಪೆಯ ರಾಶಿಗೆ ಒರಗಿ ಕೂತವನು ರಾತ್ರಿಯನ್ನೂ ಅಲ್ಲೇ ಕಳೆದ. ಇಲ್ಲಿಂದ ಮುಂದೆ ನನ್ನ ನೆನಪೂ ಅಕ್ಕನ ನೆನಪೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ನನಗೆ ಕಾಣುವುದು ಇದು: ಅವನು ಬೀಡಿ ಹಚ್ಚಲು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ಭಾವ ಉರಿಯುವ ಕಡ್ಡಿಯೊಂದನ್ನು ಅವನತ್ತ ಚಾಚುತ್ತಾರೆ. ಅಂಗೈ ತೆರೆದುಕೊಳ್ಳುತ್ತದೆ. ಅದರ ತುಂಬ ಬೊಬ್ಬೆ, ಕೆಲವು ಒಡೆದು ಬೆಳ್ಳಗಾಗಿವೆ. ವರ್ಷಗಟ್ಟಲೆ ಒಲೆ ನೋಡಿದವನ ಅಂಗೈ ಗಟ್ಟಿಯಾಗಿರುತ್ತದೆ, ಹೀಗೆ ಬೊಬ್ಬೆ ಏಳುವುದಿಲ್ಲ. ಅವನು ಆ ಕೈಯನ್ನೇ ನೋಡಿ, "ಎಣ್ಣೆ ಹಚ್ಚಿಕೊಳ್ಳಪ್ಪ," ಎನ್ನುತ್ತಾನೆ.

ಅಕ್ಕನ ಪ್ರಕಾರ ಅವನು ಒಲೆಯ ಹತ್ತಿರ ಸುಳಿಯಲೇ ಇಲ್ಲ, ಬೀಡಿ ಸೇದುವವನೇ ಅಲ್ಲ. ನನ್ನ ಮಾತಿಗೆ ಸಾಕ್ಷಿಯಿಲ್ಲ. ಆ ಅಂಗೈಯ ಮೇಲೆ ಬಿದ್ದ ಬೆಳಕೂ ಅದೇ ಇಲ್ಲದ ದೀಪದ್ದು.

ಮಾರನೆಯ ಬೆಳಿಗ್ಗೆ ಬಂಡೂರು ಕುರಿ ಕೊಂಡವರು ನಮ್ಮ ದಾರಿಯಲ್ಲೇ ಹಲಗೂರಿನ ಕಡೆಗೆ ಹೋಗುವವರಿದ್ದರು. ಭಾವನನ್ನು ಅವರ ಜೊತೆ ಸೇರಿಸಿ ಕಳಿಸುವುದೆಂದು ಅಕ್ಕ ಗೊತ್ತುಮಾಡಿದಳು. ಮಂಜಿನೊಳಗೆ ಕುರಿಗಳ ಸದ್ದು ಕೇಳಿಸಿದಾಗ ಭಾವ ಸಿಪ್ಪೆ ತರುವವರಂತೆ ಎದ್ದರು. ಅದೇ ಹೊತ್ತಿಗೆ ಅವನೂ ಎದ್ದ. ಅಕ್ಕ ಕಂಬ ಹಿಡಿದುಕೊಂಡಳು. ಅವನು ಭಾವನನ್ನು ದಾಟಿಕೊಂಡು ನನ್ನ ಮುಂದೆ ಬಂದು ನಿಂತ.

"ನೀವು ಓದಿದವರ ಹಾಗೆ ಕಾಣ್ತೀರಿ. ಕನ್ನಡಕ ಬೇರೆ. ಮಳವಳ್ಳಿ ಸ್ಟೇಷನ್ನಿನ ತನಕ ಬರಬೇಕಾಗತ್ತೆ."

ಅವನಲ್ಲ ನಾನು ಎನ್ನಲು ಬಾಯಿ ತೆರೆದವನು ಅಕ್ಕನ ಮುಖ ನೋಡಿ ಮುಚ್ಚಿದೆ.

"ಓಗ್ಬುಟ್ಟು ಬನ್ನಿ ಮೇಷ್ಟ್ರೇ, ದೇವ್ರವ್ನೆ," ಎಂದ ತಾತ, ನಾನು ಹುಟ್ಟಿದಾಗಿನಿಂದ ನನ್ನನ್ನು 'ಲೇ' ಎಂದೇ ಕರೆದವನು.

ರಸ್ತೆಯ ತನಕ ನಾನು ಬೇಕೆಂದೇ ನಿಧಾನ ನಡೆದೆ. ಅಷ್ಟರಲ್ಲಿ ಕುರಿಗಳು ದೂರ ಹೋಗಲಿ ಎಂದು. ಅವನೂ ನಿಧಾನ ನಡೆದ. ನನ್ನ ನಿಧಾನಕ್ಕೆ ಕಾರಣವಿತ್ತು, ಅವನದಕ್ಕೆ ಏನಿತ್ತು? ಮಂಜಿನಲ್ಲಿ ನಮ್ಮ ಕಾಲು ನಮಗೇ ಕಾಣುತ್ತಿರಲಿಲ್ಲ. ಅವನು ಕೋಟಿನ ಜೇಬಿನಿಂದ ಬೆಲ್ಲದ ಚೂರು ತೆಗೆದು ಅರ್ಧ ನನಗೆ ಕೊಟ್ಟ. ಇಬ್ಬರೂ ತಿನ್ನುತ್ತ ನಡೆದೆವು.

ಹಲಗೂರಿನಿಂದ ಬಸ್ಸು ಬಂತು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ, ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು. ಅದು ಏರಿನಲ್ಲಿ ಉಸಿರು ಕಟ್ಟಿ ನಿಂತಾಗ ಎಲ್ಲರ ಜೊತೆ ನಾವೂ ಇಳಿದು ತಳ್ಳಿದೆವು.

"ಲೋ ಕನ್ನಡ್ಕದೋನೆ, ತಳ್ಳಲಾ! ಎಮ್ಮೆ ಕೊಳ್ಳೋನಂಗೆ ಮುಟ್ಟಿ ನೋಡ್ತಾವ್ನಲ್ಲ!" ಎಂದು ಕಂಡಕ್ಟರು ಕೂಗಿದ.

ನನ್ನ ಪಕ್ಕದಲ್ಲಿ ಹೆಗಲು ಕೊಟ್ಟು ತಳ್ಳುತ್ತಿದ್ದ ಅವನು ನಗು ತಡೆಯಲಾರದೆ ಕೆಮ್ಮಿದ. ಹಿಡಿದವನು ಯಾರು, ಹಿಡಿಸಿಕೊಂಡವನು ಯಾರು ಎಂದು ಆ ಹೊಗೆಯಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಸಂಜೆಯ ಹೊತ್ತಿಗೆ, ನನಗೆ ಪಾಠ ಹೇಳಿದ್ದ ಮಳವಳ್ಳಿಯ ಮೇಷ್ಟ್ರೊಬ್ಬರು ಸ್ಟೇಷನ್ನಿಗೆ ಬಂದು, ಇವನು ಅವನಲ್ಲ, ಅವನ ಹೆಂಡತಿಯ ತಮ್ಮ ಎಂದರು. ನನ್ನನ್ನು ಬಿಟ್ಟರು. ಹೊರಗೆ ಬರುವಾಗ ಮೇಲಧಿಕಾರಿ ನನ್ನನ್ನು ಕರೆತಂದವನನ್ನು ಬೈಯುತ್ತಿದ್ದದ್ದು ಗೋಡೆಯಾಚೆಯಿಂದ ಕೇಳಿಸಿತು. ಅವನು ಒಂದು ಮಾತೂ ಎದುರಾಡಲಿಲ್ಲ. ಅಷ್ಟರಲ್ಲಿ ಭಾವ ಮುತ್ತತ್ತಿಯ ಹತ್ತಿರ ಕಾವೇರಿ ದಾಟಿ, ಆಗ ಮದ್ರಾಸಿಗೆ ಸೇರಿದ್ದ ಆಚೆ ದಡದಲ್ಲಿದ್ದರು.

ಅಂದು ಅವನು ಮೋಸಹೋದನೋ, ಗೊತ್ತಿದ್ದೇ ನನ್ನನ್ನು ಆರಿಸಿಕೊಂಡನೋ? ಬೊಬ್ಬೆ ನೋಡಿದ್ದು ನಿಜವಾದರೆ ಒಂದು ಉತ್ತರ, ಸುಳ್ಳಾದರೆ ಇನ್ನೊಂದು. ವರ್ಷಗಟ್ಟಲೆ ಇದನ್ನು ತಿರುವಿ ಹಾಕಿದೆ. ಯುದ್ಧ ಮುಗಿದು, ಮೊಕದ್ದಮೆ ಬಿದ್ದುಹೋಗಿ ಭಾವ ಮನೆಗೆ ಬಂದರು. ಅವರಿಗೂ ಆ ಕಡ್ಡಿಯ ನೆನಪಿರಲಿಲ್ಲ. "ಕನ್ನಡಕ ಇಲ್ಲದೋನಿಗೆ ಯಾರು ಬಂದ್ರು ಯಾರು ಹೋದ್ರು ಎಂಗಪ್ಪ ಗೊತ್ತಾಗಬೇಕು?" ಎಂದು ನಕ್ಕರು.

ಸ್ವಾತಂತ್ರ್ಯ ಬಂದ ವರ್ಷದ ಚಳಿಗಾಲ. ಅದೇ ಮಂಜು, ಅದೇ ಕಡೆ ಅವನು. ಕೂದಲು ನರೆತಿತ್ತು. ಅಕ್ಕನ ಮಗಳು ಬೆಲ್ಲ ನೆಕ್ಕುತ್ತ ಬಾಗಿಲಲ್ಲಿ ಕೂತಿದ್ದಳು. ಅವನು ಅವಳ ಪಕ್ಕದಿಂದ ದಾಟಿಕೊಂಡು ಒಳಗೆ ಬಂದ. ಯಾರೂ ಏನೂ ಕೇಳಲಿಲ್ಲ.

"ಏನೂಂದ್ರೆ, ಬಂದೋರಿಗೆ ಕಬ್ಬಿನಾಲು ಕೊಡಿ," ಎಂದಳು ಅಕ್ಕ.

ಕನ್ನಡಕ ಹಾಕಿಕೊಂಡಿದ್ದ ಭಾವ ಚೆಂಬು ತುಂಬಿ ಅವನ ಕೈಗೆ ಕೊಟ್ಟರು. ಅವನು ಚೆಂಬನ್ನು ಈಸಿಕೊಂಡ. ನೋಡಿದ್ದು ಚೆಂಬನ್ನೋ ಕೈಯನ್ನೋ, ಹಬೆಯಲ್ಲಿ ಕಾಣಲಿಲ್ಲ. ತಾತ ಒಂದು ಅಚ್ಚು ಬೆಲ್ಲ ಮುರಿದು ಚಾಚಿದ. ಅವನು ಬೆಲ್ಲವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ, ಉಗುರಿನಲ್ಲಿ ಕೆರೆದ, ನಾಲಗೆ ತುದಿಗೆ ಮುಟ್ಟಿಸಿ ಮುಖ ಸಿಂಡರಿಸಿದ.

"ಏನ್ರೀ ಇದು, ಇದ್ದಿಲಿನ ಹಾಗಿದೆ! ಉಪ್ಪು ಬೇರೆ. ಇದನ್ನ ಯಾರಾದರೂ ಕೊಳ್ತಾರಾ?"

ತಾತ ಹುಟ್ಟನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಕಲ್ತ್ಕೊಂಡು ಬಂದವ್ನೆ ಕಣವ್ವೋ!"

"ಬೇಕಾದ್ರೆ ತಕ್ಕೊಳಿ, ಬ್ಯಾಡ್ದಿದ್ರೆ ಬುಡಿ," ಎಂದಳು ಅಕ್ಕ, ನಗದೆ. ವ್ಯಾಪಾರ ಶುರುವಾಯಿತು.

ಕೆಲಸ ಬಿಟ್ಟು ನಿಜವಾದ ವ್ಯಾಪಾರಿಯಾಗಿದ್ದನೇ? ಅಥವಾ ಕೆಲಸವನ್ನು ಇನ್ನಷ್ಟು ಚೆನ್ನಾಗಿ ಕಲಿತಿದ್ದನೇ? ಅಂದು ಅವನಿಗೆ ಗೊತ್ತಿತ್ತೇ? ಎಲ್ಲ ಪ್ರಶ್ನೆಗಳೂ ನನ್ನ ಬಾಯಿಯ ತನಕ ಬಂದವು. ಅವನ ಎದುರಿಗೆ ಹೋಗಿ ನಿಂತೂ ಬಿಟ್ಟೆ. ಭಾವ ನನ್ನ ಕೈಗೂ ಒಂದು ಚೆಂಬು ಕೊಟ್ಟರು. ಆಲೆಮನೆಯಲ್ಲಿ ಕೇಳುವ ಪದ್ಧತಿಯಿರಲಿಲ್ಲ. ಕುಡಿದೆ.

ಬೆಲ್ಲ ಏರಿದ ಗಾಡಿ ರಸ್ತೆಗೆ ತಿರುಗಿತು. ಬೆಲ್ಲದ ಮೇಲೆ ಕೂತಿದ್ದ ಅವನು, ಇನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡು, ಜೇಬಿನಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಮಂಜು ಮೊದಲು ಎತ್ತುಗಳನ್ನು, ಆಮೇಲೆ ಅವನನ್ನು ಒಳಗೆ ತೆಗೆದುಕೊಂಡಿತು. ಇದನ್ನು ಅಕ್ಕನೂ ಕಂಡಿದ್ದಾಳೆ. ಇಡೀ ಕಥೆಯಲ್ಲಿ ನಮ್ಮಿಬ್ಬರ ನೆನಪೂ ಒಂದಾಗಿರುವುದು ಇಲ್ಲಿ ಮಾತ್ರ. ಆ ದಿನವೂ ಅವನು ಬರಿಗಾಲಲ್ಲೇ ಇದ್ದನೆಂದು ಅವಳು ಹೇಳುತ್ತಾಳೆ.