ಪಲ್ಲವಿ ಹಂಚಿದ ವಾಣ

ಈ ಸಂಕ್ರಾಂತಿಗೆ ನನಗೊಂದು ಗಿಫ್ಟ್ ಬಂತು. ಎಪ್ಪತ್ತೆರಡು ದಾಟಿದ ಮೇಲೆ ಗಿಫ್ಟ್ ಬರುವುದೆಂದರೆ ಸಣ್ಣ ಸುದ್ದಿಯೇ?

ಗಡಿಯಾಚೆ, ಮಹಾರಾಷ್ಟ್ರದ ನಮ್ಮ ಇಚಲಕರಂಜಿಯಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮನೆಮನೆಯಲ್ಲೂ ಹಳದಿ-ಕುಂಕುಮ. ಕರೆದ ಹೆಂಗಸರಿಗೆಲ್ಲ ಕುಂಕುಮ ಹಚ್ಚಿ, ಒಂದು ಡಬ್ಬಿಯನ್ನೋ ಬಾಚಣಿಕೆಯನ್ನೋ ಕೈಗಿಡುತ್ತಾರೆ. ಅದೇ ವಾಣ. ಮುತ್ತೈದೆಯರ ಹಬ್ಬ, ನನಗೆ ಇನ್ವಿಟೇಶನ್ ಇಲ್ಲ. (ಮದುವೆಯನ್ನೇ ಆಗದವಳು ಯಾವ ಸಾಲಿನಲ್ಲಿ ಕೂರಬೇಕು, ಹೇಳಿ.) ಎದುರು ಮನೆಯ ನಗು ನನ್ನ ಬಾಲ್ಕನಿಗೆ ಬರುತ್ತದೆ. ನಾನು ಟೀ ಕುಡಿಯುತ್ತೇನೆ. ಪ್ರತಿ ವರ್ಷ ಇದೇ ಪ್ರೋಗ್ರಾಮ್.

ಈ ಸಲ ಸಂಕ್ರಾಂತಿಯ ಸಂಜೆ ಪಲ್ಲವಿ ಬಂದಳು. (ಹೆಸರು ನಿಜದ್ದಲ್ಲ. ಬರೆಯಲು ಅವಳದೇ ಒಪ್ಪಿಗೆ.) ಪಕ್ಕದ ಮನೆಯ ಹದಿನಾರರ ಹುಡುಗಿ. ಹತ್ತನೆಯವರೆಗೆ ಗಡಹಿಂಗ್ಲಜದ ಅಜ್ಜನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಕಲಿತವಳು. ಈಗ ಇಲ್ಲಿ ಹನ್ನೊಂದನೆಯ ಸೈನ್ಸ್. ವಾರಕ್ಕೆರಡು ದಿನ ನನ್ನ ಹತ್ತಿರ ಇಂಗ್ಲಿಷ್ ಟ್ಯೂಶನ್.

"ಮಿಸ್, ಇದು ನಿಮಗ."

ಅವಳ ವಾಟರ್ ಕಲರ್ ಪೆಟ್ಟಿಗೆ. ಶಾಲೆಯಲ್ಲಿ ಬಹುಮಾನ ಬಂದದ್ದು, ಯಾರಿಗೂ ಮುಟ್ಟಗೊಡದೆ ಇಟ್ಟುಕೊಂಡದ್ದು.

"ನಿನಗ ಬ್ಯಾಡೇನ?"

"ಇನ್ನ ನನಗೇನ ಮಾಡೂದೈತ್ರಿ."

ನಾನೇನು ಮಾಡಿದೆ? ಹೌ ಸ್ವೀಟ್ ಅಂದೆ! ಕೆನ್ನೆ ತಟ್ಟಿ, ಕೈಗೊಂದು ಎಳ್ಳುಂಡೆ ಕೊಟ್ಟು ಕಳಿಸಿದೆ. ನಾನು ಓದಿದ ಬೆಳಗಾವಿಯ ಕಾನ್ವೆಂಟಿನಲ್ಲಿ ಥ್ಯಾಂಕ್ಯೂ ಹೇಳುವುದನ್ನು ಚೆನ್ನಾಗಿ ಕಲಿಸಿದ್ದರು. ಯಾಕೆ ಎಂದು ಕೇಳುವುದನ್ನು ಕಲಿಸಿರಲಿಲ್ಲ. ಅಥವಾ ನಿಜ ಹೇಳಲೇ? ಒಂಟಿ ಇರುವವರ ಬಾಗಿಲನ್ನು ಯಾರಾದರೂ ತಟ್ಟಿದರೆ ಎಷ್ಟು ಖುಷಿಯೆಂದರೆ, ಬಂದವರ ಮುಖ ನೋಡುವುದೇ ಮರೆತುಹೋಗುತ್ತದೆ.

ಮರುದಿನ ಮಧ್ಯಾಹ್ನ ಕೆಳಗಿನ ಮನೆಯ ಶೋಭಾ ನಗುತ್ತ ಮೆಟ್ಟಿಲು ಹತ್ತಿ ಬಂದಳು.

"ಆ ಪಲ್ಲವಿ ಏನ್ ಹುಡುಗಿ ರೀ ಮಿಸ್! ನಮ್ಮ ಪಿಂಕಿಗೆ ತನ್ನ ದೀಪಾವಳಿ ಡ್ರೆಸ್ ಕೊಟ್ಟಾಳ. ಮೂಲಿಮನಿ ಸುಮನ್‌ಗ ಕಾಲಚೈನ. ಲಗ್ನಕ್ಕಿಂತ ಮೊದಲ ವಾಣ ಹಂಚಾಕತ್ತಾಳ! ಅವರವ್ವಗ ಹೇಳಿದ್ರ ಆಕಿನೂ ನಕ್ಕಳು."

"ನನಗೂ ಕೊಟ್ಟಾಳವಾ..." ಅಂದವಳು ಅಲ್ಲೇ ನಿಂತೆ.

ಡ್ರೆಸ್, ಚೈನು, ಬಣ್ಣ. ಹದಿನಾರರ ಹುಡುಗಿಯ ಬಳಿ ಇನ್ನೇನು ಉಳಿಯಿತು? ಓಣಿಯ ಇಷ್ಟೂ ಹೆಂಗಸರು ಅದನ್ನು ವಾಣವೆಂದುಕೊಂಡಿದ್ದೆವು. ಅದು ಹೊರಟು ನಿಂತವರ ಕೆಲಸ.

ತಕ್ಷಣ ಪಲ್ಲವಿಯ ಮನೆಗೆ ಹೋದೆ. ಕೋಣೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂತೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ನಾಜೂಕಿನ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಪಲ್ಲು, ಸಾಯಬೇಕಂತ ಅನಸಾಕತ್ತೈತೇನವಾ?"

ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. "ಹೂಂ ರೀ" ಅಂದಳು. ಆಮೇಲೆ ಅಳು. ಅಳುವಿನ ನಡುವೆ ಮಾತು.

"ಕಾಲೇಜಿನ್ಯಾಗ ನಾ ಮರಾಠಿ ಮಾತಾಡಿದ್ರ ನಗತಾರ್ರಿ. ಕಡೀ ಬೆಂಚಿನ್ಯಾಗ ಒಬ್ಬಾಕಿನ ಕುಂಡರತೇನಿ. ಡಬ್ಬಿ ಉಣ್ಣೂದೂ ಒಬ್ಬಾಕಿನ. ಮನ್ಯಾಗ ಹೇಳಿದ್ರ ಅಭ್ಯಾಸದ ಕಡೆ ಲಕ್ಷ್ಯ ಕೊಡು ಅಂತಾರ. ನಾ ಇಲ್ಲಂದ್ರ ಯಾರಿಗೂ ಗೊತ್ತೂ ಆಗೂದಿಲ್ರಿ."

"ನನಗ ಗೊತ್ತಾಗತೈತಿ. ಮಂಗಳವಾರ, ಶುಕ್ರವಾರ ಬಾಗಲಾ ತಗದ ನಿನ್ನ ದಾರಿ ನೋಡ್ಕೋತ ಕುಂತಿರತೇನಿ."

"ಅವ್ವಗ ಹೇಳಬ್ಯಾಡ್ರಿ" ಅಂದಳು. ಆ ಮಾತು ಕೊಡಲಿಲ್ಲ. ಅವಳನ್ನು ಬಿಟ್ಟು ಏಳಲೂ ಇಲ್ಲ, ಕೂತಲ್ಲಿಂದಲೇ ತಾಯಿಯನ್ನು ಕೂಗಿದೆ.

ಡಾಕ್ಟರ್ ಅಂದೊಡನೆ ತಾಯಿ ಗಾಬರಿ. "ಹುಚ್ಚರ ಡಾಕ್ಟರ್ ಕಡೆ? ನಾಳೆ ಈಕಿನ್ನ ಯಾರ ಲಗ್ನಾ ಮಾಡ್ಕೋತಾರ್ರಿ ಮಿಸ್?"

"ಮೊದಲ ಹುಡುಗಿ ಇರಲಿ" ಅಂದೆ.

ಆ ರಾತ್ರಿ ಅವ್ವ ಮಗಳು ಒಂದೇ ಹಾಸಿಗೆಯಲ್ಲಿ. ಬೆಳಗಾದೊಡನೆ ಮೂವರೂ ಕೊಲ್ಹಾಪುರಕ್ಕೆ. ಅಷ್ಟು ನೇರವಾಗಿ ಕೇಳಿ ನಾನೇ ತಪ್ಪು ಮಾಡಿದೆನೇ ಎಂದು ಡಾಕ್ಟರನ್ನು ಕೇಳಿದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತವರಿಗೆ ಇಳಿಸಲು ಜಾಗ ಸಿಗುತ್ತದೆ ಅಂದರು.

ಈಗ ಎರಡು ತಿಂಗಳು. ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಚೆನ್ನ. ಕೆಲವು ದಿನ ಬಂದು, "ಮಿಸ್, ಇವತ್ತ ಬರೋಬರಿ ಇಲ್ರಿ" ಅನ್ನುತ್ತಾಳೆ. ಹೇಳುತ್ತಾಳಲ್ಲ, ಅದೇ ದೊಡ್ಡದು.

ಹೋದ ಸಲ ಕೊಲ್ಹಾಪುರದ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ನನ್ನತ್ತ ತಿರುಗಿದಳು. "ಮಿಸ್, ನಿಮಗ ಯಾರರ ಯಾವಾಗರ ಹಿಂಗ ಕೇಳಿದ್ರೇನ್ರಿ?"

"ಇಲ್ಲವಾ" ಅಂದೆ, ಕಿಟಕಿಯಾಚೆ ನೋಡುತ್ತ.

ನನ್ನದಿರಲಿ. ನಿಮ್ಮ ಮನೆಯ ಹುಡುಗಿಯನ್ನು, ಹುಡುಗನನ್ನು, ಮಾರ್ಕ್ಸ್ ಬಿಟ್ಟು ಬೇರೆ ಏನಾದರೂ ನೀವು ಕೇಳಿ ಎಷ್ಟು ದಿನವಾಯಿತು?