ಕಾಲಿನ ಮೇಲಿನ ನಾಲ್ಕು ಗೆರೆ

ಸಾಗರ, ಹೊಸನಗರ, ತೀರ್ಥಹಳ್ಳಿ ದಾರಿಯಲ್ಲಿ ಹದಿನೈದು ವರ್ಷ ಬಸ್ಸು ಓಡಿಸಿದವನು ನಾನು. ಚಾಲಕನೊಡನೆ ಮಾತನಾಡಬೇಡಿ ಅಂತ ಬಸ್ಸಿನಲ್ಲಿ ಬರೆದಿರುತ್ತದಲ್ಲ, ಅದನ್ನು ಮನೆಗೂ ತಂದುಕೊಂಡಿದ್ದೆ. ಕಷ್ಟ ಬಂದಾಗ ಗಂಡಸು ತುಟಿ ಬಿಚ್ಚಬಾರದು ಎಂಬುದು ನನ್ನ ಲೆಕ್ಕ. ಹೆಂಡತಿ ಅದಕ್ಕೆ ತದ್ವಿರುದ್ಧ. ಹಾಲು ಉಕ್ಕಿದರೂ ಊರಿಗೆಲ್ಲ ಫೋನು ಹೋಗಬೇಕು. ರೇಡಿಯೋ ಅಂತಲೇ ನಾನವಳನ್ನು ಕರೆಯುತ್ತಿದ್ದೆ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಹುಂಚದ ನಮ್ಮ ಮನೆಯ ಹಿಂದೆ ಸೌದೆ ತರಲು ಹೋಗಿದ್ದ ಒಂಬತ್ತು ವರ್ಷದ ಮಗಳ ಪಾದಕ್ಕೆ ಮಂಡಲದ ಹಾವು ಕಚ್ಚಿತು. ಪಕ್ಕದ ಮನೆಯವರ ಕಾರು ಕೇಳಿ ತಂದು, ತಾಯಿ ಮಗಳಿಬ್ಬರನ್ನೂ ಹಿಂದೆ ಕೂರಿಸಿಕೊಂಡು ತೀರ್ಥಹಳ್ಳಿ ಕಡೆ ಹೊರಟೆ. ಗಾಡಿ ಮಾತ್ರ ಚೆನ್ನಾಗಿಯೇ ಓಡಿಸಿದೆ, ಅದನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಆದರೆ ನನ್ನ ಬಾಯಿಂದ ಒಂದು ಮಾತಿಲ್ಲ, ಹಿಂದೆ ಇವಳ ಬಾಯಿಗೆ ಬಿಡುವಿಲ್ಲ. ಪರಿಚಯದ ನರ್ಸ್‌ಗೆ ಫೋನು, ಆಸ್ಪತ್ರೆಗೆ ಫೋನು, ನಡುನಡುವೆ ಮಗಳಿಗೆ ಬೈಗುಳ. ಕಾಲು ಅಲ್ಲಾಡಿಸಬೇಡ, ಮಗ್ಗಿ ಹೇಳು, ಏಳರ ಮಗ್ಗಿ ತಪ್ಪಿತು, ಮೊದಲಿಂದ ಹೇಳು. ಮಗು ಸಾಯುವ ಹೊತ್ತಿನಲ್ಲಿ ಮಗ್ಗಿ ಕೇಳುತ್ತಾಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

"ಬಾಯಿ ಮುಚ್ಕೊಂಡ್ ಕೂರ್ತೀಯಾ?" ಅಂದೆ.

"ನೀವು ರಸ್ತೆ ನೋಡಿ" ಅಂದಳು. ಮತ್ತೆ ಫೋನು.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ತಂದು ಕಾಯುತ್ತಿದ್ದರು. ಕಚ್ಚಿದ್ದು ಎಷ್ಟೊತ್ತಿಗೆ ಅಂತ ಡಾಕ್ಟರು ನನ್ನನ್ನು ಕೇಳಿದರು. ಗೊತ್ತಿರಲಿಲ್ಲ. ಬಾವು ಎಷ್ಟು ಬೇಗ ಏರಿತು ಅಂದರು. ಅದೂ ಗೊತ್ತಿರಲಿಲ್ಲ. ಹೆಂಡತಿ ಮಗಳ ಫ್ರಾಕು ಸರಿಸಿದಳು. ಪಾದದಿಂದ ಮೊಣಕಾಲಿನವರೆಗೆ ಬಾಲ್‌ಪೆನ್ನಿನ ನಾಲ್ಕು ಗೆರೆ, ಪ್ರತಿ ಗೆರೆಯ ಪಕ್ಕ ಗಂಟೆ, ನಿಮಿಷ. ಬಾವು ಏರಿದ ಹಾಗೆಲ್ಲ ಅದರ ಅಂಚಿಗೆ ಗುರುತು ಹಾಕು ಅಂತ ಆ ನರ್ಸ್ ಫೋನಿನಲ್ಲಿ ಹೇಳಿದ್ದರಂತೆ. ಅಷ್ಟು ತಿರುವಿನ ರಸ್ತೆಯಲ್ಲಿ ಹಾಕಿದ್ದರೂ ಒಂದು ಗೆರೆಯೂ ಸೊಟ್ಟಗಿರಲಿಲ್ಲ. ಡಾಕ್ಟರು ಅದನ್ನು ಓದಿಕೊಂಡೇ ಔಷಧಿ ಶುರು ಮಾಡಿದರು. ಇಂಥವಳು ನನ್ನ ಹೆಂಡತಿ ಎಂದು ಆ ಕಾರಿಡಾರಿನಲ್ಲಿ ನಿಂತು ನನ್ನ ಎದೆ ಉಬ್ಬಿತು. ಈಗಲೂ ಯಾರು ಸಿಕ್ಕರೂ ಇದನ್ನು ಹೇಳುತ್ತೇನೆ, ಅವರು ಕೇಳದಿದ್ದರೂ ಹೇಳುತ್ತೇನೆ.

ಮೂರನೇ ದಿನ ಮಗಳು ಎದ್ದು ಕೂತು ಇಡ್ಲಿ ತಿಂದಳು. ಜೀವಕ್ಕೆ ಇನ್ನು ಭಯವಿಲ್ಲ ಅಂದರು ಡಾಕ್ಟರು. ಅವತ್ತು ತುಂಬಾ ಹೆದರಿಕೊಂಡೆಯಾ ಅಂತ ಮಗಳನ್ನು ಕೇಳಿದೆ.

"ಅಮ್ಮ ಮಗ್ಗಿಗೆ ಬೈತಿದ್ಲಲ್ಲ, ಹಂಗಾದ್ರೆ ನಂಗೇನೂ ಆಗಲ್ಲ ಅಂದ್ಕೊಂಡೆ. ನೀವು ಮಾತೇ ಆಡ್ಲಿಲ್ಲ ಅಪ್ಪ. ಕನ್ನಡೀಲಿ ನಿಮ್ಮ ಮುಖ ನೋಡ್ದಾಗ ಸತ್ತೋಗ್ತೀನಿ ಅನ್ನಿಸ್ತು."

ಆ ಮುಖವನ್ನೇ ನಾನು ಧೈರ್ಯ ಅಂತ ತಿಳಿದಿದ್ದೆ. ಹಾಸಿಗೆಯ ಅಂಚಿನಲ್ಲಿ ಕೂತೆ.

"ನಂಗೂ ಹೆದ್ರಿಕೆ ಆಗಿತ್ತು ಮಗಾ" ಅಂದೆ.

ನಲವತ್ತಾರು ವರ್ಷದಲ್ಲಿ ಯಾರಿಗಾದರೂ ಹಾಗೆ ಹೇಳಿದ್ದು ಅದೇ ಮೊದಲು. ಮಗಳು ತಟ್ಟೆಯಲ್ಲಿ ಉಳಿದಿದ್ದ ಅರ್ಧ ಇಡ್ಲಿಯನ್ನು ನನ್ನ ಕಡೆ ತಳ್ಳಿದಳು.