ಬಾಗಿಲು ಹಾಕಿಸುವ ಲಾಯರಮ್ಮ

ಬೆಳಕು ಈಗಷ್ಟೇ ಹರಿಯುತ್ತಿದೆ. ಮೂರನೇ ಮಹಡಿಯ ಮನೆಯೊಂದರಲ್ಲಿ, ಕರಿ ಕೋಟಿನ ಹೆಂಗಸೊಬ್ಬರು ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತಿದ್ದಾರೆ. ಮಂಚದ ಮೇಲಿರುವ ಅಜ್ಜಿ ಉಯಿಲು ಬರೆಸಬೇಕಂತೆ. ಮಗ ಹೊಸ್ತಿಲಲ್ಲೇ ಬೇರು ಬಿಟ್ಟಿದ್ದಾನೆ.

"ನೀವು ಹೊರಗಿರಿ. ಬಾಗಿಲು ಹಾಕ್ಕೊಳ್ಳಿ."

"ನಾನು ಮಗ ಕಣ್ರೀ!"

"ಅದಕ್ಕೇ ಹೇಳಿದ್ದು."

ಮಗನ ಹಿಂದೆಯೇ, ಲಾಯರಮ್ಮನ ಬಗ್ಗೆ ಬರೆಯಲು ಜೊತೆಗೆ ಬಂದಿದ್ದ ನನಗೂ ಗೇಟ್‌ಪಾಸ್. ಬಾಗಿಲು ಮುಚ್ಚುವ ಮೊದಲು ಒಂದು ಪ್ರಶ್ನೆ ಕಿವಿಗೆ ಬೀಳುತ್ತದೆ: "ನಿನ್ನೆ ರಾತ್ರಿ ಏನು ತಿಂದಿರಿ ಅಜ್ಜಿ?"

ಬುದ್ಧಿ, ನೆನಪು ಸರಿಯಿದೆಯೇ ಎಂದು ತಿಳಿಯಲು, ಆಸ್ತಿಯ ಮಾತಿಗೆ ಮೊದಲು ಲಾಯರಮ್ಮ ಈ ಪ್ರಶ್ನೆ ಕೇಳಲೇಬೇಕು. ಉತ್ತರ ತಡವರಿಸಿದರೆ ಅಂದು ಉಯಿಲಿಲ್ಲ. ಬೆಳಗಿನ ಮಾತ್ರೆ ನುಂಗಿದರೆ ತಲೆ ಮಂಕಾಗುತ್ತದೆಂದು ಇಷ್ಟು ಬೇಗ ಬರುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಇದೊಂದೇ ಕೆಲಸ. "ನಾನು ಬರೆದ ಒಂದು ಉಯಿಲೂ ಕೋರ್ಟಲ್ಲಿ ಬಿದ್ದಿಲ್ಲ" ಎನ್ನುವಾಗ ಮಾತ್ರ ದನಿ ತುಸು ಏರುತ್ತದೆ.

ಕೆಲಸ ಕಲಿಸಿದ ಸೀನಿಯರ್ ತೀರಿಕೊಂಡ ಮೇಲೆ ಕಚೇರಿಯಲ್ಲಿ ಒಬ್ಬರೇ. ಮನೆಯಲ್ಲೂ ಒಬ್ಬರೇ. ಕಚೇರಿಯಲ್ಲಿ ಸೀನಿಯರ್ ಕೂರುತ್ತಿದ್ದ ಎದುರಿನ ಕುರ್ಚಿಯ ಮೇಲೆ ಈಗ ಛತ್ರಿ ಕೂತಿದೆ.

ಕಳೆದ ತಿಂಗಳು ದೊಡ್ಡ ವಕೀಲರ ಕಂಪನಿಯೊಂದು ಉಯಿಲಿನ ಕೆಲಸದಲ್ಲಿ ನುರಿತವರು ಬೇಕೆಂದಿತ್ತು. ಇವರು ಹೊಸ ಚಪ್ಪಲಿ ಕೊಂಡು ಸಂದರ್ಶನಕ್ಕೆ ಹೋದರು. "ಸಂಬಳಕ್ಕಲ್ಲ ರೀ. ಅಲ್ಲಿ ಎಲ್ಲರೂ ಒಂದೇ ಮೇಜಲ್ಲಿ ಊಟ ಮಾಡ್ತಾರಂತೆ."

"ನಿಮ್ಮ ಜೊತೆ ಎಷ್ಟು ಜನ ಕಕ್ಷಿದಾರರು ಬರ್ತಾರೆ?" ಎಂದು ಕೇಳಿದರಂತೆ. ಅನುಭವಿಗಳನ್ನು ಕರೆಯುವುದೇ ಅವರ ಹಿಂದೆ ಬರುವ ಗಿರಾಕಿಗಳಿಗಾಗಿ ಎಂಬುದು ಇವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ನನ್ನ ಕಕ್ಷಿದಾರರು ಮುಕ್ಕಾಲು ಪಾಲು ಮೇಲೆ ಹೋಗಿದಾರೆ ಸಾರ್. ಕರ್ಕೊಂಡು ಬಂದ್ರೆ ನೀವೇ ಓಡ್ತೀರಿ ಅಂದೆ. ಯಾರೂ ನಗಲಿಲ್ಲ."

ನಿನ್ನೆ ಸಂಜೆ ಫೋನು ಬಂತು. ಬೇರೊಬ್ಬರನ್ನು ಆರಿಸಿದ್ದಾರೆ. ಬೆಳಿಗ್ಗೆ ಬರುವ ದಾರಿಯಲ್ಲಿ ನನಗೆ ಇದನ್ನೆಲ್ಲ ಹೇಳುವಾಗ ಲಾಯರಮ್ಮ ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು.

ಮುಕ್ಕಾಲು ಗಂಟೆಯ ನಂತರ ಬಾಗಿಲು ತೆರೆಯುತ್ತದೆ. ಮಗ ಒಳಗೆ ನುಗ್ಗುತ್ತಾನೆ. ಮೆಟ್ಟಿಲಿಳಿಯುತ್ತಾ ಲಾಯರಮ್ಮ ಹೇಳುತ್ತಾರೆ: "ಅಜ್ಜಿ ಉಯಿಲಿನ ವಿಷಯ ಹೇಳಲ್ಲ. ನನ್ನ ವಿಷಯ ಹೇಳ್ತೀನಿ. ಅಜ್ಜಿ, ಹಾಲು ಬ್ರೆಡ್ಡು ತಿಂದೆ, ಬ್ರೆಡ್ಡು ಹಳೇದಿತ್ತು ಅಂದ್ರು. ಆಮೇಲೆ, ನೀನೇನು ತಿಂದೆ ಮಗಳೇ ಅಂತ ನನ್ನನ್ನೇ ಕೇಳಿಬಿಟ್ರು."

"ಏನು ಹೇಳಿದಿರಿ?"

"ನೆನಪೇ ಆಗಲಿಲ್ಲ ರೀ." ಅವರು ಕೊನೆಯ ಮೆಟ್ಟಿಲಲ್ಲಿ ನಿಲ್ಲುತ್ತಾರೆ. "ದಿನಾ ಕೇಳೋರು ಒಬ್ಬರಿದ್ದಿದ್ರೆ ನೆನಪಿಟ್ಕೊಂಡಿರ್ತಿದ್ದೆ."